ಮರೆಯದ ಲೋಹದ ಪೊರೆ

ವಿದ್ಯುತ್ತು ಹಠಾತ್ತಾಗಿ ನಿಂತಾಗ ಕಚೇರಿಯ ಗುಮಾಸ್ತರ ಮುಖದಲ್ಲಿ ಮೂಡುವ ಕಳವಳವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅರ್ಧ ಗಂಟೆ ಕುಳಿತು ಬರೆದ ಟಿಪ್ಪಣಿಯನ್ನು ಉಳಿಸಿರದಿದ್ದರೆ ಅದು ಹೋಯಿತೆಂದೇ ಲೆಕ್ಕ. ಆದರೆ ಅದೇ ಗಣಕಯಂತ್ರದಲ್ಲಿ ನಿನ್ನೆ ಉಳಿಸಿಟ್ಟ ಪಹಣಿಗೆ ಯಾವ ಬಾಧೆಯೂ ಇಲ್ಲ. ಒಂದೇ ಯಂತ್ರದ ಹೊಟ್ಟೆಯಲ್ಲಿ ಮರೆಯುವ ನೆನಪೊಂದು, ಮರೆಯದ ನೆನಪೊಂದು ಏಕಿರಬೇಕು? ಈ ಭೇದವನ್ನು ಅಳಿಸಲು ಲೋಕದ ಪದಾರ್ಥವಿಜ್ಞಾನಿಗಳು ಅರ್ಧ ಶತಮಾನದಿಂದ ಶ್ರಮಿಸುತ್ತಿದ್ದಾರೆ. ಆ ಶ್ರಮದ ನಡುಮಧ್ಯದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರೊಬ್ಬರ ಹೆಸರು ನಿಂತಿರುವುದು ನಮ್ಮ ಜನರಿಗೆ ತಿಳಿದಿರಬೇಕಾದಷ್ಟು ತಿಳಿದಿಲ್ಲ.

ಯಂತ್ರವು ಕೆಲಸ ಮಾಡುವಾಗ ಬಳಸುವ ನೆನಪು ಸೋರುವ ಕೊಡದಂತಹುದು. ಅದರ ಒಂದೊಂದು ಅಕ್ಷರವೂ ಅತಿ ಸಣ್ಣ ವಿದ್ಯುತ್ಕೋಶಗಳಲ್ಲಿ ತುಂಬಿಟ್ಟ ವಿದ್ಯುತ್ತಿನ ರೂಪದಲ್ಲಿರುತ್ತದೆ. ಅದು ಕ್ಷಣಕ್ಷಣಕ್ಕೂ ಸೋರುವುದರಿಂದ ಪ್ರತಿಯೊಂದು ಕೋಶವನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳಿಗೊಮ್ಮೆ, ಅಂದರೆ ಸೆಕೆಂಡಿಗೆ ಹದಿನೈದು ಸಾರಿ, ಮತ್ತೆ ತುಂಬಬೇಕು. ಯಂತ್ರವು ಸುಮ್ಮನೆ ಕುಳಿತಿದ್ದರೂ ಈ ತುಂಬುವಿಕೆಗೆ ಬಿಡುವಿಲ್ಲ. ಒಂದು ಮನೆಯಲ್ಲಿ ಇದರ ವೆಚ್ಚವು ಗಣನೆಗೆ ಬಾರದು; ಸಾವಿರಾರು ಯಂತ್ರಗಳನ್ನು ಒಂದೇ ಸೂರಿನಡಿ ಕೂಡಿಸಿದ ದತ್ತಾಂಶ ಕೇಂದ್ರಗಳಲ್ಲಿ ಬರುತ್ತದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಲೋಕದ ಇಂತಹ ಕೇಂದ್ರಗಳು ಸುಮಾರು 41,500 ಕೋಟಿ ಯೂನಿಟ್ ವಿದ್ಯುತ್ತನ್ನು ನುಂಗಿದವು. ಇದು ಲೋಕದ ಒಟ್ಟು ಬಳಕೆಯಲ್ಲಿ ನೂರಕ್ಕೆ ಒಂದೂವರೆ ಪಾಲು. ಅದೆಲ್ಲವೂ ನೆನಪಿನ ಬಾಬತ್ತಲ್ಲವೆಂಬುದು ನಿಜ. ಆದರೂ ಬೇಸಿಗೆ ಬಂತೆಂದರೆ ಪಂಪುಸೆಟ್ಟಿಗೆ ಎಷ್ಟು ತಾಸು ವಿದ್ಯುತ್ತು ಬಂದೀತೆಂದು ಕಾಯುವ ನಮ್ಮ ಜಿಲ್ಲೆಯ ರೈತನಿಗೆ, ನೆನಪಿಡುವುದಕ್ಕೇ ಇಷ್ಟು ವ್ಯಯವೇ ಎಂದು ಕೇಳುವ ಹಕ್ಕುಂಟು.

ಅಯಸ್ಕಾಂತಕ್ಕೆ ಈ ಬಡತನವಿಲ್ಲ. ಒಮ್ಮೆ ಒಂದು ದಿಕ್ಕಿಗೆ ತಿರುಗಿಸಿಟ್ಟರೆ ಯಾರ ಹಂಗೂ ಇಲ್ಲದೆ ಹಾಗೆಯೇ ಇರುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲಿಯೇ ಕಟ್ಟಿ 1960ರಲ್ಲಿ ಬಳಕೆಗೆ ತಂದ ಟಿಫ್ರಾಕ್ ಎಂಬ ಗಣಕಯಂತ್ರದ ನೆನಪು ಫೆರೈಟಿನ ಪುಟ್ಟ ಉಂಗುರಗಳಲ್ಲಿತ್ತು. ಸಿಲಿಕಾನ್ ಅಗ್ಗವಾಗಿಯೂ ಸಣ್ಣದಾಗಿಯೂ ಬಂದ ಮೇಲೆ ಉಂಗುರಗಳು ಮೂಲೆ ಸೇರಿದವು. ಈಗ ಕಾಂತವು ಮತ್ತೆ ಬರುತ್ತಿರುವುದು ಉಂಗುರವಾಗಿ ಅಲ್ಲ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗಿ.

ಇದರ ಮರ್ಮವನ್ನು ಗಿರಣಿಯ ಊರಾದ ದಾವಣಗೆರೆಯವರಿಗೆ ತಿಳಿಸುವುದು ಕಷ್ಟವಲ್ಲ. ನೂಲಿಗೆ ಬಲಹುರಿ, ಎಡಹುರಿ ಎಂದು ಎರಡು ಬಗೆಯುಂಟಷ್ಟೆ. ಎಲೆಕ್ಟ್ರಾನಿಗೂ ಇಂತಹ ಎರಡು ಬಗೆಯ ಹುರಿ ಹುಟ್ಟುಗುಣವಾಗಿಯೇ ಇದೆ. ಅದನ್ನು ಸ್ಪಿನ್ ಎನ್ನುತ್ತಾರೆ. (ಎಲೆಕ್ಟ್ರಾನು ಬುಗುರಿಯಂತೆ ನಿಜವಾಗಿ ಸುತ್ತುತ್ತದೆಂದು ಯಾರೂ ತಿಳಿಯಬಾರದು, ಹೋಲಿಕೆಯು ಹೋಲಿಕೆ ಮಾತ್ರ.) ಸಾಮಾನ್ಯ ತಂತಿಯಲ್ಲಿ ಎರಡೂ ಹುರಿಯವು ಬೆರೆತು ಹರಿಯುತ್ತವೆ. ಕಬ್ಬಿಣ, ಕೋಬಾಲ್ಟುಗಳ ಪೊರೆಯಲ್ಲಿಯಾದರೋ ಒಂದು ಹುರಿಯವು ಹೆಚ್ಚು, ಇನ್ನೊಂದು ಕಡಮೆ. ಇಂತಹ ಎರಡು ಪೊರೆಗಳ ನಡುವೆ ಒಂದೆರಡು ನ್ಯಾನೋಮೀಟರ್ ದಪ್ಪದ ನಿರೋಧಕ ಪೊರೆಯನ್ನಿಟ್ಟರೆ ಎಲೆಕ್ಟ್ರಾನುಗಳು ಅದನ್ನು ನುಸುಳಿ ಹೋಗುತ್ತವೆ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಎರಡೂ ಪೊರೆಗಳ ಕಾಂತದಿಕ್ಕು ಒಂದೇ ಆಗಿದ್ದರೆ ನುಸುಳುವವು ಹೆಚ್ಚು, ಎದುರುಬದುರಾಗಿದ್ದರೆ ಕಡಮೆ. ಹೆಚ್ಚಾದರೆ ಸೊನ್ನೆ, ಕಡಮೆಯಾದರೆ ಒಂದು ಎಂದು ಓದಿಕೊಂಡರೆ ಅದೇ ನೆನಪು.

ಹೇಳುವುದಕ್ಕೆ ಸುಲಭ. ಎಂ.ಐ.ಟಿ.ಯಲ್ಲಿ ಮೆಸರ್ವಿ ಮತ್ತು ಟೆಡ್ರೋ ಎಂಬವರು 1970ರ ಸುಮಾರಿನಲ್ಲಿಯೇ ನುಸುಳುವ ಎಲೆಕ್ಟ್ರಾನುಗಳ ಹುರಿಯನ್ನು ಅಳೆಯುವ ದಾರಿ ತೋರಿದ್ದರು. 1975ರಲ್ಲಿ ಫ್ರಾನ್ಸಿನ ಜೂಲಿಯೇರ್ ಎರಡು ಕಾಂತಪೊರೆಗಳ ಪ್ರಯೋಗವನ್ನು ಮಾಡಿದರು. ಆದರೆ ಅವರ ಫಲವು ಕಂಡದ್ದು ದ್ರವ ಹೀಲಿಯಮ್ಮಿನ ಘೋರ ಶೀತದಲ್ಲಿ ಮಾತ್ರ. ಬಳಿಕ ಇಪ್ಪತ್ತು ವರ್ಷ, ಸಾಮಾನ್ಯ ಕೋಣೆಯ ಶಾಖದಲ್ಲಿ ಅದನ್ನು ಗಟ್ಟಿಯಾಗಿ ತೋರಿಸುವುದು ಯಾರಿಂದಲೂ ಆಗಲಿಲ್ಲ. ಪೊರೆಯು ನುಣುಪಾಗಿರದಿದ್ದರೆ, ನಿರೋಧಕದಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ, ವಿದ್ಯುತ್ತು ಆ ತೂತಿನಿಂದಲೇ ಹರಿದುಹೋಗಿ ಪ್ರಯೋಗವು ಕೆಡುತ್ತಿತ್ತು. ಮೈಸೂರಿನಲ್ಲಿ ಓದಿ, ಮದರಾಸಿನ ಐ.ಐ.ಟಿ.ಯಲ್ಲಿ ಡಾಕ್ಟರೇಟ್ ಪಡೆದು, ಎಂ.ಐ.ಟಿ.ಯನ್ನು ಸೇರಿದ ಜಗದೀಶ್ ಮೂಡೇರ ಅವರು ಸಂಗಡಿಗರೊಡನೆ ಈ ನುಣುಪನ್ನು ಸಾಧಿಸಿದರು. ಕೋಬಾಲ್ಟು-ಕಬ್ಬಿಣ, ಅಲ್ಯೂಮಿನಾ, ಕೋಬಾಲ್ಟುಗಳ ಅವರ ಪದರಗಳಲ್ಲಿ ಕೋಣೆಯ ಶಾಖದಲ್ಲಿಯೇ ನೂರಕ್ಕೆ 11.8ರ ವ್ಯತ್ಯಾಸವು ದೊರೆಯಿತೆಂದು 1995ರಲ್ಲಿ ಪ್ರಕಟವಾಯಿತು. ಜಪಾನಿನ ಮಿಯಾಜಾಕಿಯವರೂ ಅದೇ ವರ್ಷ ಇದನ್ನು ಸ್ವತಂತ್ರವಾಗಿ ಸಾಧಿಸಿದರು. ಮೆಸರ್ವಿ, ಟೆಡ್ರೋ, ಮಿಯಾಜಾಕಿ, ಮೂಡೇರ ಈ ನಾಲ್ವರಿಗೂ ಅಮೆರಿಕದ ಭೌತವಿಜ್ಞಾನ ಸಂಘವು 2009ರಲ್ಲಿ ಬಕ್ಲೀ ಬಹುಮಾನವನ್ನು ಕೊಟ್ಟಿತು.

ಆಮೇಲಿನದು ಬೇಗ ನಡೆಯಿತು. ಅಲ್ಯೂಮಿನಾದ ಸ್ಥಾನಕ್ಕೆ ಮೆಗ್ನೀಸಿಯಮ್ ಆಕ್ಸೈಡ್ ಬಂದು 2004ರಲ್ಲಿ ವ್ಯತ್ಯಾಸವು ನೂರಕ್ಕೆ ಇನ್ನೂರರ ಆಸುಪಾಸಿಗೆ ಏರಿತು. ಡಿಸ್ಕುಗಳ ಓದುವ ತಲೆಗಳಲ್ಲಿ ಈ ಪೊರೆಗಳು ಸೇರಿದವು. 2006ರಲ್ಲಿ ಕಾಂತಸ್ಮರಣೆಯ ಚಿಪ್ಪು ಅಂಗಡಿಗೆ ಬಂದಿತು.

ಆದರೆ ಉಳಿತಾಯವೆಂದು ಹೊಗಳುವವರು ಒಂದು ಮಾತನ್ನು ಮುಚ್ಚಿಡುತ್ತಾರೆ. ಇಟ್ಟುಕೊಳ್ಳಲು ವಿದ್ಯುತ್ತು ಬೇಡವೆಂಬುದು ಸತ್ಯ; ಬರೆಯಲು ಬೇಕು, ಅದೂ ಹೆಚ್ಚಾಗಿಯೇ ಬೇಕು. ಪೊರೆಯ ದಿಕ್ಕನ್ನು ಸುಲಭವಾಗಿ ತಿರುಗಿಸುವಂತೆ ಮಾಡಿದರೆ ಬರಿಯ ಶಾಖವೇ ಅದನ್ನು ತಿರುಗಿಸಿ ಹತ್ತು ವರ್ಷ ಇರಬೇಕಾದ ಬರಹವನ್ನು ಕೆಡಿಸೀತು. ಬಿಗಿಯಾಗಿ ನಿಲ್ಲಿಸಿದರೆ ಬರೆಯುವ ವೆಚ್ಚವು ಏರೀತು. ಹುರಿಯುಳ್ಳ ಎಲೆಕ್ಟ್ರಾನುಗಳ ನೂಕುಬಲದಿಂದಲೇ ದಿಕ್ಕನ್ನು ತಿರುಗಿಸಬಹುದೆಂದು 1996ರಲ್ಲಿ ಸ್ಲೊನ್‌ಚೆವ್ಸ್ಕಿ ಮತ್ತು ಬರ್ಜರ್ ಬೇರೆಬೇರೆಯಾಗಿ ತೋರಿಸಿದ್ದರಿಂದ ಹೊರೆಯು ಎಷ್ಟೋ ಇಳಿಯಿತು. 2010ರಲ್ಲಿ ಜಪಾನಿನವರು ಕೋಬಾಲ್ಟು-ಕಬ್ಬಿಣ-ಬೋರಾನಿನ ಪೊರೆಯನ್ನು 1.3 ನ್ಯಾನೋಮೀಟರಿಗೆ ತೆಳುವಾಗಿಸಿದಾಗ, ಅದರ ಕಾಂತದಿಕ್ಕು ಮಲಗಿದ ಪೈರು ಎದ್ದು ನಿಂತಂತೆ ನೆಟ್ಟಗೆ ನಿಂತಿತು. ಕೇವಲ 40 ನ್ಯಾನೋಮೀಟರ್ ಅಗಲದ ಕೋಶವೂ ಬರಹವನ್ನು ಹಿಡಿದಿಟ್ಟಿತು. ಟಾಂಟಲಮ್ಮಿನಂತಹ ಭಾರಲೋಹದ ಪೊರೆಯನ್ನು ಕೆಳಗಿಟ್ಟು ಅದರ ಮೂಲಕ ಬರೆಯುವ ವಿಧಾನವು ಈಗ ಪ್ರಯೋಗಶಾಲೆಗಳಲ್ಲಿ ನಡೆದಿದೆ. ಸೋರುವ ಕೊಡವನ್ನು ಪೂರ್ತಿಯಾಗಿ ಎತ್ತಿಡುವ ದಿನವು ಇನ್ನೂ ಬಂದಿಲ್ಲ. ಅಂದರೆ ಮಾಡುವ ಕೆಲಸವು ಬೇಕಾದಷ್ಟು ಉಳಿದಿದೆ, ತಡವಾಗಿ ಬಂದವರಿಗೂ ಜಾಗವಿದೆ.

ನಮ್ಮ ನಾಡು ಇದರಲ್ಲಿ ಹೊರಗಿನದಲ್ಲ. ಬೆಂಗಳೂರಿನಲ್ಲಿ ಸಿ. ಎನ್. ಆರ್. ರಾಯರು ಮ್ಯಾಂಗನೀಸ್ ಆಕ್ಸೈಡುಗಳ ಅದ್ಭುತವಾದ ಕಾಂತಗುಣಗಳನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಪ್ರಮುಖರು. ಸೊಂಡೂರಿನ ಬೆಟ್ಟಗಳಲ್ಲಿ ಅಗೆದ ಮ್ಯಾಂಗನೀಸನ್ನು ನಾವು ತಲೆಮಾರುಗಳಿಂದ ಟನ್ನುಗಟ್ಟಲೆ ಮಾರಿದೆವು. ಅದರ ಒಂದು ಚಿಟಿಕೆಯಲ್ಲಿ ಏನಿದೆಯೆಂದು ನೋಡಿದವರು ಬೆರಳೆಣಿಕೆಯಷ್ಟು. ಭಾರತ ಸರಕಾರವು 2021ರ ಡಿಸೆಂಬರಿನಲ್ಲಿ ಅರೆವಾಹಕಗಳ ಉದ್ಯಮಕ್ಕೆ 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ದೊಡ್ಡ ಕಾರ್ಖಾನೆಗಳು ಬರಲಿ. ಆದರೆ 1970ರ ಪ್ರಯೋಗಕ್ಕೂ 2006ರ ಅಂಗಡಿಗೂ ನಡುವೆ ಮೂವತ್ತಾರು ವರ್ಷಗಳಿದ್ದುವೆಂಬುದನ್ನು ಹಣ ಕೊಡುವವರು ನೆನೆಯಬೇಡವೇ? ವರ್ಷಕ್ಕೊಮ್ಮೆ ಫಲದ ಪಟ್ಟಿಯನ್ನು ಕೇಳುವ ಇಲಾಖೆಯ ಕೈಕೆಳಗೆ ಮೂಡೇರರ ಅಲ್ಯೂಮಿನಾ ಪೊರೆಯು ಹುಟ್ಟುತ್ತಿತ್ತೆಂದು ನಮಗೆ ತೋರುವುದಿಲ್ಲ.

ದಾವಣಗೆರೆಯಲ್ಲಿ ಚಿಪ್ಪಿನ ಕಾರ್ಖಾನೆಯನ್ನು ಕೇಳುವುದು ಹಗಲುಗನಸು. ಪೊರೆಯನ್ನು ಹೊಂದಿಸುವ ವಿದ್ಯೆಯನ್ನು ಕೇಳುವುದು ಹಾಗಲ್ಲ. ಗಾಳಿಯನ್ನೆಲ್ಲ ತೆಗೆದ ಉಕ್ಕಿನ ಪಾತ್ರೆಯಲ್ಲಿ ಆರ್ಗಾನ್ ಅನಿಲದ ಕಣಗಳು ಲೋಹದ ಬಿಲ್ಲೆಯನ್ನು ಬಡಿಯುತ್ತವೆ. ಸಿಡಿದ ಪರಮಾಣುಗಳು ಎದುರಿನ ಫಲಕದ ಮೇಲೆ ಮಂಜಿನಂತೆ ಕೂರುತ್ತವೆ. ಆ ಪಾತ್ರೆಯ ಕೀಲುಗಳಲ್ಲಿ ಕೂದಲೆಳೆಯಷ್ಟೂ ಗಾಳಿ ನುಗ್ಗದಂತೆ ಉಕ್ಕನ್ನು ಕಡೆಯಬೇಕು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನು ಮಾಡಿ ಈ ಸೀಮೆಗೆ ಕಲಿಸಿದ್ದು ಇಂತಹ ಕೈಗೆಲಸವನ್ನೇ. ಕಾರ್ಖಾನೆಯು ಮುಚ್ಚಿತು, ಆ ಕೈಗಳೂ ಮುಪ್ಪಾಗುವ ಮುಂಚೆ ಅವುಗಳಿಗೊಂದು ಹೊಸ ಕೆಲಸವನ್ನು ತೋರಿಸಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಹೊರಗಿನ ಕಾಲೇಜುಗಳ ಅಧ್ಯಾಪಕರೂ ಸಂಶೋಧಕರೂ ತರಬೇತಿ ಪಡೆದು ತಮ್ಮ ಸಾಧನಗಳನ್ನು ತಾವೇ ತಯಾರಿಸಿಕೊಳ್ಳುವುದಕ್ಕಾಗಿ 2008ರಲ್ಲಿಯೇ ಕೇಂದ್ರ ಸರಕಾರವು ಒಂದು ಯೋಜನೆಯನ್ನು ಆರಂಭಿಸಿತು. ಶಾಮನೂರು ರಸ್ತೆಯ ಬಾಪೂಜಿ ಇಂಜನಿಯರಿಂಗ್ ಕಾಲೇಜು, 1951ರಷ್ಟು ಹಳೆಯದಾದ ಬಿ.ಡಿ.ಟಿ. ಕಾಲೇಜು, ತೋಳಹುಣಸೆಯ ವಿಶ್ವವಿದ್ಯಾನಿಲಯ ಇವು ಮೂರೂ ಕೂಡಿ ವರ್ಷಕ್ಕೆ ಇಬ್ಬರು ತರುಣ ಅಧ್ಯಾಪಕರನ್ನು ಅಂತಹ ಕಡೆಗೆ ಕಳುಹಿಸಲಿ. ಅವರಿಗೆ ಪೂರ್ಣ ಸಂಬಳದ ರಜೆಯನ್ನು ಕೊಡಲಿ. ಹಿಂದಿರುಗಿದ ಮೇಲೆ ಕೆಲಸ ಮಾಡಲು ಒಂದು ಕೋಣೆ, ಒಂದು ನಿರ್ವಾತ ಪಾತ್ರೆ, ತಡೆಯಿಲ್ಲದ ವಿದ್ಯುತ್ತು, ಐದು ವರ್ಷಗಳ ಕಾಲ ವರದಿ ಕೇಳದ ಒಬ್ಬ ಪ್ರಿನ್ಸಿಪಾಲರು, ಇಷ್ಟನ್ನು ಒದಗಿಸಲಿ. ಪಾತ್ರೆಯನ್ನು ಹರಿಹರದಲ್ಲಿಯೇ ಕಡೆಯಿಸಬಹುದು.