ಎತ್ತರದ ನಾಡಿನಲ್ಲಿ ಇರುಳು ಕಳೆಯುವ ಮುನ್ನ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಲಡಾಖಿಗೆ ಒಪ್ಪುವಷ್ಟು ಬೇರೆಲ್ಲಿಗೂ ಒಪ್ಪಲಾರದು. ಚಿತ್ರಪಟಗಳಲ್ಲಿ ಕಾಣುವುದು ನೀಲಿ ಸರೋವರ, ಬೋಳು ಪರ್ವತ, ಅದರ ತಪ್ಪಲಿನ ಮರದ ಕುಟೀರ. ಕಾಣದೆ ಇರುವುದು ಅಲ್ಲಿಯ ತೆಳುವಾದ ಗಾಳಿ.

ಬೇಸಗೆಯ ರಜೆ ಬಂತೆಂದರೆ ಊರಿನ ರೈಲು ಹಿಡಿಯುವುದು ಮುಂಬಯಿ, ಪುಣೆ, ದೆಹಲಿಗಳ ಕನ್ನಡ ಕುಟುಂಬಗಳ ಹಳೆಯ ರೂಢಿ. ಈಚಿನ ವರ್ಷಗಳಲ್ಲಿ ಇವರಲ್ಲಿ ಹಲವರು ಹಿಮಾಲಯದ ಕಡೆಗೂ ಮುಖ ಮಾಡಿದ್ದಾರೆ. ಶನಿವಾರ ವಿಮಾನದಲ್ಲಿ ಲೇಹ್ ತಲಪುವುದು, ಭಾನುವಾರವೇ ಪಾಂಗೊಂಗ್ ಸರೋವರದ ದಡದ ಕುಟೀರದಲ್ಲಿ ತಂಗುವುದು, ಮುಂದಿನೆರಡು ದಿನ ನುಬ್ರಾ ಕಣಿವೆ, ಗುರುವಾರ ಮನೆಗೆ ಮರಳುವುದು ಎಂಬಂಥ ಯೋಜನೆಗಳು ಸಾಮಾನ್ಯವಾಗಿವೆ. ಇಂಥ ಯೋಜನೆಯಲ್ಲಿ ದಿನಗಳ ಲೆಕ್ಕವಿದೆ, ಎತ್ತರದ ಲೆಕ್ಕವಿಲ್ಲ. ಅಪಾಯವಿರುವುದು ಇಲ್ಲಿಯೇ.

ಎತ್ತರದಲ್ಲಿ ಆಗುವುದೇನು?

ಮುಂಬಯಿ ಸಮುದ್ರಮಟ್ಟದಲ್ಲಿದೆ, ದೆಹಲಿಯ ಎತ್ತರ ಇನ್ನೂರು ಮೀಟರಿಗೆ ತುಸು ಮೇಲು. ಲೇಹ್ ಪಟ್ಟಣವಾದರೋ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇಕಡಾ 21 ಆಗಿದ್ದರೂ, ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುವುದರಿಂದ ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕ ಕಡಿಮೆಯಾಗುತ್ತದೆ. ಲೇಹದಲ್ಲಿ ಅದು ಸಮುದ್ರಮಟ್ಟದ ಸುಮಾರು ಮೂರರಲ್ಲಿ ಎರಡು ಪಾಲು; 5,359 ಮೀಟರ್ ಎತ್ತರದ ಖಾರ್ದುಂಗ್ ಲಾ ಕಣಿವೆಮಾರ್ಗದಲ್ಲಿ ಹೆಚ್ಚು ಕಡಿಮೆ ಅರ್ಧ.

ಶರೀರ ಈ ಕೊರತೆಗೆ ಹೊಂದಿಕೊಳ್ಳಬಲ್ಲುದು. ಅದಕ್ಕೆ ಕಾಲಾವಕಾಶ ಬೇಕು. ಅವಕಾಶ ಸಿಗದಿದ್ದರೆ ಆರರಿಂದ ಹನ್ನೆರಡು ಗಂಟೆಗಳೊಳಗೆ ತಲೆನೋವು, ಓಕರಿಕೆ, ಹಸಿವಿಲ್ಲದಿರುವುದು, ಆಯಾಸ, ತಲೆಸುತ್ತು ತೋರಬಹುದು. ಇದೇ ಎತ್ತರದ ಕಾಯಿಲೆ. ಇದನ್ನು ಕಡೆಗಣಿಸಿ ಮತ್ತಷ್ಟು ಮೇಲೇರಿದರೆ ಮಿದುಳು ಊದಿಕೊಳ್ಳಬಹುದು. ಶ್ವಾಸಕೋಶದಲ್ಲಿ ನೀರು ತುಂಬುವ ಇನ್ನೊಂದು ವಿಪತ್ತು ತಲೆನೋವಿನ ಮುನ್ಸೂಚನೆ ಇಲ್ಲದೆಯೂ ಬರಬಹುದು. ಎರಡೂ ಪ್ರಾಣಾಂತಿಕ.

ಈ ಜ್ಞಾನದ ಬಹುಭಾಗ ನಮ್ಮ ಸೈನಿಕರ ಕಷ್ಟದಿಂದಲೇ ಲಭಿಸಿದ್ದು. ಬಯಲುಸೀಮೆಯಿಂದ ಹಿಮಾಲಯದ ಎತ್ತರಕ್ಕೆ ಬಂದು ಕಾಯಿಲೆ ಬಿದ್ದ 1,925 ಸೈನಿಕರನ್ನು ಕುರಿತು ಭಾರತೀಯ ವೈದ್ಯರು 1969ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ವಿಷಯದ ಮೂಲ ಬರಹಗಳಲ್ಲೊಂದು. ಕಟ್ಟುಮಸ್ತಾದ ತರುಣರನ್ನೂ ಈ ಕಾಯಿಲೆ ಬಿಡಲಿಲ್ಲ. ದಿನವೂ ವ್ಯಾಯಾಮ ಮಾಡುವವರಿಗೆ ಇದು ತಗಲದೆಂಬ ನಂಬಿಕೆಗೆ ಆಧಾರವಿಲ್ಲ.

ಮಲಗುವ ಎತ್ತರವೇ ಲೆಕ್ಕ

ಮೂರು ಸಾವಿರ ಮೀಟರಿನ ಮೇಲೆ, ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ವೈದ್ಯರ ಸಾಮಾನ್ಯ ಸೂತ್ರ. ಹಗಲು ಎತ್ತರ ಹತ್ತಿ ಇಳಿದು ಬಂದರೂ ಇರುಳನ್ನು ತಗ್ಗಿನಲ್ಲಿ ಕಳೆಯಬೇಕು. ವಿಮಾನದಲ್ಲಿ ಬಂದಿಳಿದವರು ಮೊದಲ ದಿನವೇ ಈ ಸೂತ್ರವನ್ನು ಮೀರಿರುತ್ತಾರಾದ್ದರಿಂದ, ಲೇಹದಲ್ಲಿ ಎರಡು ದಿನವಾದರೂ ವಿಶ್ರಾಂತಿ ಪಡೆಯುವುದು ಅವಶ್ಯ.

ಹೀಗಾಗಿ ಯೋಜನೆಯನ್ನು ಬೇರೆ ಬಗೆಯಲ್ಲಿ ಹೆಣೆಯಬಹುದು. ಮೊದಲ ಮೂರು ರಾತ್ರಿ ಲೇಹದಲ್ಲಿ. ಮುಂದೆ ಖಾರ್ದುಂಗ್ ಲಾ ದಾಟಿ, ಮರಳುದಿಬ್ಬಗಳಿಗೆ ಹೆಸರಾದ ನುಬ್ರಾದ ಹುಂದರಿನಲ್ಲಿ ಎರಡು ರಾತ್ರಿ. ಅದು ಲೇಹಕ್ಕಿಂತ ತಗ್ಗು, ಸುಮಾರು 3,100 ಮೀಟರ್. ಅಲ್ಲಿಂದ ಶ್ಯೋಕ್ ನದಿಯ ಪಕ್ಕದ ದಾರಿಯಲ್ಲಿ ತಾಂಗ್ತ್ಸೆ ಗ್ರಾಮಕ್ಕೆ ಬಂದು ಒಂದು ರಾತ್ರಿ. ಮರುದಿನವಷ್ಟೆ 4,250 ಮೀಟರ್ ಎತ್ತರದ ಪಾಂಗೊಂಗಿನ ದಡದಲ್ಲಿ ಒಂದು ರಾತ್ರಿ. ಕೊನೆಯ ರಾತ್ರಿ ಮರಳಿ ಲೇಹದಲ್ಲಿ. ಇದರ ಮೇಲೆ ಒಂದು ದಿನವನ್ನು ಯಾವ ಕಾರ್ಯಕ್ರಮವೂ ಇಲ್ಲದೆ ಕೈಯಲ್ಲಿರಿಸಿಕೊಳ್ಳಬೇಕು.

ಭೂಪಟದಲ್ಲಿ ಸುಲಭವಾಗಿ ಕಾಣದ ಒಂದು ತೊಡಕು ಇಲ್ಲಿದೆ. ಪಾಂಗೊಂಗಿನಲ್ಲಿ ಯಾರಿಗಾದರೂ ಅಸ್ವಸ್ಥತೆ ಉಂಟಾದರೆ ಇಳಿಯುವುದೇ ಮದ್ದು. ಆದರೆ ಲೇಹಕ್ಕೆ ಇಳಿಯಬೇಕಾದರೆ ಮೊದಲು 5,300 ಮೀಟರಿಗೂ ಎತ್ತರದ ಚಾಂಗ್ ಲಾ ಹತ್ತಬೇಕು. ಸರೋವರದ ದಡದ ಇರುಳನ್ನು ಪ್ರವಾಸದ ಕೊನೆಗೆ ಇರಿಸಬೇಕೆನ್ನುವುದು ಈ ಕಾರಣಕ್ಕಾಗಿಯೇ. ವಯಸ್ಸಾದವರು ಜೊತೆಗಿದ್ದರೆ ಆ ರಾತ್ರಿಯನ್ನೇ ಕೈಬಿಟ್ಟು, ಸಿಂಧೂ ನದಿಯ ದಡದ ಆಲ್ಚಿಯಲ್ಲಿ ತಂಗುವುದು ಒಳ್ಳೆಯದು. ಅದೂ ಲೇಹಕ್ಕಿಂತ ತಗ್ಗಿನ ಊರು. ಪುರಾತನ ಬೌದ್ಧ ವಿಹಾರದ ಭಿತ್ತಿಚಿತ್ರಗಳಿಗೆ ಪ್ರಸಿದ್ಧವಾದುದು.

ಸಮಯವುಳ್ಳವರಿಗೆ ಶ್ರೀನಗರದ ರಸ್ತೆ ಹಿತಕರ. 2,676 ಮೀಟರಿನ ಕಾರ್ಗಿಲಿನಲ್ಲಿ ತಂಗಿ ಮುಂದೆ ಸಾಗಿದರೆ ಶರೀರ ಮೆಟ್ಟಿಲು ಹತ್ತಿದಂತೆ ಏರುತ್ತದೆ. ಮನಾಲಿಯ ದಾರಿಯಲ್ಲಿಯಾದರೋ 4,290 ಮೀಟರಿನ ಸರ್ಚುವಿನ ಡೇರೆಗಳಲ್ಲಿ ಇರುಳು ಕಳೆದು ನರಳಿದವರು ಅನೇಕರು.

ಕುಟೀರವನ್ನು ಗೊತ್ತುಮಾಡುವಾಗ

ಕಿಟಕಿಯಿಂದ ಸರೋವರ ಕಾಣುವುದೇ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಆಮ್ಲಜನಕದ ಸಿಲಿಂಡರ್ ಇದೆಯೇ? ರಾತ್ರಿ ವಾಹನ, ಚಾಲಕ ಇಬ್ಬರೂ ಅಲ್ಲಿಯೇ ಇರುವರೇ? ಸಮೀಪದ ಆರೋಗ್ಯ ಕೇಂದ್ರ ಎಲ್ಲಿದೆ? ಕುಟೀರ ಒಣ ತೊರೆಯ ಪಾತ್ರದಲ್ಲಿಲ್ಲವಷ್ಟೆ? ವರ್ಷಕ್ಕೆ ಸುಮಾರು ನೂರು ಮಿಲಿಮೀಟರ್ ಮಾತ್ರ ಮಳೆ ಬೀಳುವ ಲೇಹದಲ್ಲಿ 2010ರ ಆಗಸ್ಟ್ 5ರ ರಾತ್ರಿ ಮೇಘಸ್ಫೋಟವಾಗಿ, ಇನ್ನೂರಕ್ಕೂ ಹೆಚ್ಚು ಜನ ಮಡಿದುದನ್ನು ಮರೆಯಲಾಗದು.

ಬೆಚ್ಚಗಿರಲೆಂದು ಮುಚ್ಚಿದ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇರಿಸಿಕೊಂಡು ಮಲಗುವುದಂತೂ ಎಂದಿಗೂ ಸಲ್ಲದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿದ್ದವರು ಏಳುವುದೇ ಇಲ್ಲ. ಒಂದು ಕಂಬಳಿ ಹೆಚ್ಚು ಕೇಳಿ ಪಡೆಯುವುದು ಮೇಲು.

ಆಹಾರ, ಔಷಧ

ಲೇಹದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದನ್ನು ಕಾಯುತ್ತ ಕುಳಿತರೆ ಹೊತ್ತು ಹೋದೀತು, ಕುಕ್ಕರ್ ಬೇಕೇಬೇಕು. ಅಡುಗೆಯ ಗೋಜು ಬೇಡವೆಂದರೆ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ಸಾಕು. ಲಡಾಖಿನವರ ನಿತ್ಯದ ಆಹಾರವೂ ಹುರಿದ ಬಾರ್ಲಿಯ ಹಿಟ್ಟೇ ಆಗಿರುವುದರಿಂದ ನಮ್ಮವರಿಗೆ ಅದು ತೀರ ಅಪರಿಚಿತವೆನಿಸದು. ಗಾಳಿ ಬಹಳ ಒಣಗಿರುವುದರಿಂದ ಬಾಯಾರಿಕೆಗೆ ಕಾಯದೆ ನೀರು ಕುಡಿಯುತ್ತಿರಬೇಕು. ಮದ್ಯ, ನಿದ್ರೆಯ ಮಾತ್ರೆಗಳು ಉಸಿರಾಟವನ್ನು ಕುಗ್ಗಿಸುವುದರಿಂದ ಮೊದಲ ದಿನಗಳಲ್ಲಿ ವರ್ಜ್ಯ.

ಎತ್ತರದ ಕಾಯಿಲೆಯನ್ನು ತಡೆಯಲು ಅಸೆಟಜೋಲಮೈಡ್ ಎಂಬ ಔಷಧವಿದೆ. ಅದನ್ನು ವೈದ್ಯರ ಸಲಹೆಯ ಮೇಲೆ, ಸಾಮಾನ್ಯವಾಗಿ ಏರುವ ಹಿಂದಿನ ದಿನದಿಂದ, ಸೇವಿಸಬೇಕು. ಹೃದ್ರೋಗ, ಉಬ್ಬಸ, ರಕ್ತದ ಒತ್ತಡವುಳ್ಳವರೂ ಗರ್ಭಿಣಿಯರೂ ಟಿಕೇಟು ಕೊಳ್ಳುವ ಮುನ್ನವೇ ವೈದ್ಯರನ್ನು ಕಾಣಬೇಕು. ಮಧುಮೇಹಿಗಳು ಇನ್ಸುಲಿನ್ ಹೆಪ್ಪುಗಟ್ಟದಂತೆ ಅದನ್ನು ಮೈಗೆ ಹತ್ತಿರ, ಒಳ ಉಡುಪಿನ ಜೇಬಿನಲ್ಲಿ ಇರಿಸಿಕೊಳ್ಳಬೇಕು.

ಮರೆಮಾಚಬಾರದ ತಲೆನೋವು

ಇಷ್ಟೆಲ್ಲ ಸಿದ್ಧತೆಯನ್ನು ಕೆಡಿಸಬಲ್ಲ ಒಂದು ಗುಣ ನಮ್ಮ ಮನೆಗಳಲ್ಲಿದೆ. ಮಕ್ಕಳ ಸಂತೋಷ ಕೆಡಬಾರದೆಂದು ಅಜ್ಜ ತಲೆನೋವನ್ನು ನುಂಗಿಕೊಳ್ಳುತ್ತಾರೆ. ಎಲ್ಲರೂ ಇಷ್ಟು ಹಣ ಸುರಿದು ಬಂದಿರುವಾಗ ತನ್ನದೇನು ದೊಡ್ಡದೆಂದು ತಾಯಿ ಓಕರಿಕೆಯನ್ನು ಮುಚ್ಚಿಡುತ್ತಾಳೆ. ಬಯಲುಸೀಮೆಯಲ್ಲಿ ಇದು ಸಹನೆ ಎನಿಸಬಹುದು. ನಾಲ್ಕು ಸಾವಿರ ಮೀಟರಿನ ಎತ್ತರದಲ್ಲಿ ಇದರಿಂದ ಜೀವಕ್ಕೇ ಸಂಚಕಾರ.

ಆದ್ದರಿಂದ ಮನೆಯಿಂದ ಹೊರಡುವ ಮುನ್ನವೇ ಎಲ್ಲರೂ ಕುಳಿತು ಒಂದು ಮಾತಿಗೆ ಬರಬೇಕು. ಪ್ರತಿ ಸಂಜೆ ಪ್ರತಿಯೊಬ್ಬರೂ ತಮ್ಮ ಸ್ಥಿತಿಯನ್ನು ಇದ್ದಂತೆ ಹೇಳುವುದು. ತಲೆನೋವಿದ್ದವರು ಗುಣವಾಗುವವರೆಗೆ ಯಾರೂ ಮೇಲೇರದಿರುವುದು. ಕುಳಿತಲ್ಲಿಯೇ ಏದುಸಿರು, ಕೆಮ್ಮು, ಮಾತಿನಲ್ಲಿ ಗೊಂದಲ ಅಥವಾ ನಡಿಗೆಯಲ್ಲಿ ತೂರಾಟ ಕಂಡರೆ, ನಡುರಾತ್ರಿಯಾದರೂ, ಆಮ್ಲಜನಕ ಕೊಡುತ್ತ ತಗ್ಗಿನ ಆಸ್ಪತ್ರೆಗೆ ಕರೆದೊಯ್ಯುವುದು. ಕುಟೀರಕ್ಕೆ ಕೊಟ್ಟ ಮುಂಗಡ ಹೋದರೆ ಹೋಗಲಿ. ಸರೋವರ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಅದನ್ನು ನೋಡಲು ಹೊರಟ ಎಲ್ಲರೂ ಕ್ಷೇಮವಾಗಿ ಮನೆಗೆ ಮರಳುವುದು ಮುಖ್ಯ.