ಶಾಸಕರ ಮತ ಎಲ್ಲಿ ದಾಖಲಾಗುತ್ತದೆ? ವಾಣಿಜ್ಯೋದ್ಯಮಿಗಳು ಅರಿತಿರಬೇಕಾದ ಅಂಶಗಳು

ವ್ಯಾಪಾರಿಯೊಬ್ಬನು ಸಾಲ ಕೊಡುವ ಮುನ್ನ ಎದುರಿನ ಪಕ್ಷದ ಹಿಂದಿನ ಲೆಕ್ಕವನ್ನು ವಿಚಾರಿಸುತ್ತಾನೆ. ಖಾತೆಯಲ್ಲಿ ಬರೆದದ್ದಕ್ಕೆ ಇರುವ ಬೆಲೆ ಬಾಯಿಮಾತಿಗೆ ಇಲ್ಲ ಎಂಬುದು ಪೇಟೆಯ ಹಳೆಯ ನಿಯಮ. ಆದರೆ ನಮ್ಮ ತೆರಿಗೆ, ಭೂಮಿ, ಮಾರುಕಟ್ಟೆ ಹಾಗೂ ಪರವಾನಗಿಗಳಿಗೆ ಸಂಬಂಧಿಸಿದ ಕಾಯ್ದೆಗಳನ್ನು ರೂಪಿಸುವ ಶಾಸಕರ ವಿಷಯದಲ್ಲಿ ಇದೇ ನಿಯಮವನ್ನು ಅನ್ವಯಿಸಲು ಹೊರಟರೆ ವಿಚಿತ್ರವಾದ ತೊಡಕೊಂದು ಎದುರಾಗುತ್ತದೆ. ಶಾಸಕರು ಎಷ್ಟು ಬಾರಿ ಗೆದ್ದರು, ಯಾವ ಪಕ್ಷದಲ್ಲಿದ್ದರು, ಯಾವ ಖಾತೆ ವಹಿಸಿದ್ದರು ಎಂಬುದು ಸುಲಭವಾಗಿ ತಿಳಿಯುತ್ತದೆ. ಇಂಥ ವಿಧೇಯಕದ ಮೇಲೆ ಅವರು ಪರವಾಗಿ ಮತ ನೀಡಿದರೇ, ವಿರೋಧವಾಗಿ ನೀಡಿದರೇ ಎಂಬ ಪ್ರಶ್ನೆಗೆ ಮಾತ್ರ ಬಹುಪಾಲು ಸಂದರ್ಭಗಳಲ್ಲಿ ಲಿಖಿತ ಉತ್ತರವೇ ದೊರೆಯುವುದಿಲ್ಲ. ಇದಕ್ಕೆ ಕಾರಣಗಳೇನು, ದೊರೆಯುವ ದಾಖಲೆಯನ್ನು ಓದುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಧ್ವನಿಮತ ಮತ್ತು ಮತವಿಭಜನೆ

ಸಂವಿಧಾನದ 189ನೇ ಅನುಚ್ಛೇದದಂತೆ ರಾಜ್ಯ ಶಾಸಕಾಂಗದ ತೀರ್ಮಾನಗಳು ಹಾಜರಿದ್ದು ಮತ ನೀಡುವ ಸದಸ್ಯರ ಬಹುಮತದಿಂದ ಆಗಬೇಕು. ಅಧ್ಯಕ್ಷಸ್ಥಾನದಲ್ಲಿರುವವರು ಮೊದಲು ಮತ ನೀಡುವಂತಿಲ್ಲ. ಮತಗಳು ಸಮನಾದಾಗ ಮಾತ್ರ ನಿರ್ಣಾಯಕ ಮತ ಚಲಾಯಿಸುತ್ತಾರೆ. ಈ ಬಹುಮತವನ್ನು ತಿಳಿಯಲು ಸದನದಲ್ಲಿ ಎರಡು ಮಾರ್ಗಗಳಿವೆ.

ಮೊದಲನೆಯದು ಧ್ವನಿಮತ. ಪ್ರಸ್ತಾವದ ಪರವಾಗಿರುವವರು 'ಹೌದು' ಎನ್ನುತ್ತಾರೆ, ವಿರೋಧಿಸುವವರು 'ಇಲ್ಲ' ಎನ್ನುತ್ತಾರೆ. ಯಾವ ಕಡೆಯ ದನಿ ಹೆಚ್ಚೆಂದು ಪೀಠಕ್ಕೆ ತೋರುತ್ತದೆಯೋ ಅದರಂತೆ ತೀರ್ಮಾನ ಪ್ರಕಟವಾಗುತ್ತದೆ. ಯಾರ ಹೆಸರೂ ದಾಖಲಾಗುವುದಿಲ್ಲ. ಎರಡನೆಯದು ಮತವಿಭಜನೆ. ಧ್ವನಿಮತದ ತೀರ್ಮಾನವನ್ನು ಸದಸ್ಯರು ಪ್ರಶ್ನಿಸಿದಾಗ ತಲೆ ಎಣಿಕೆ ನಡೆದು, ಪರ ಎಷ್ಟು, ವಿರೋಧ ಎಷ್ಟು ಎಂಬ ಸಂಖ್ಯೆ ಹೊರಬರುತ್ತದೆ. ಲೋಕಸಭೆಯಲ್ಲಿ ವಿದ್ಯುನ್ಮಾನ ಮತಯಂತ್ರದ ವ್ಯವಸ್ಥೆ ಇರುವುದರಿಂದ ವಿಭಜನೆ ನಡೆದಾಗ ಸದಸ್ಯರ ಹೆಸರುಗಳು ಕಾರ್ಯಕಲಾಪದ ವರದಿಯಲ್ಲಿ ಸೇರುತ್ತವೆ. ರಾಜ್ಯಗಳಲ್ಲಿ ವಿಧೇಯಕಗಳ ಮಟ್ಟಿಗೆ ಧ್ವನಿಮತವೇ ವಾಡಿಕೆ, ವಿಭಜನೆ ಅಪರೂಪ.

ಸಚೇತಕಾಜ್ಞೆಯ ಪ್ರಭಾವ

ವಿಭಜನೆ ನಡೆದರೂ ಶಾಸಕರ ಸ್ವಂತ ಅಭಿಪ್ರಾಯ ಅದರಲ್ಲಿ ಕಾಣಿಸುತ್ತದೆ ಎಂದು ಭಾವಿಸಬಾರದು. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯಂತೆ, ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ನೀಡಿದ ಅಥವಾ ಮತದಾನದಿಂದ ದೂರ ಉಳಿದ ಸದಸ್ಯರು, ಪಕ್ಷವು ಹದಿನೈದು ದಿನಗಳೊಳಗೆ ಅದನ್ನು ಮನ್ನಿಸದಿದ್ದರೆ, ಅನರ್ಹತೆಗೆ ಗುರಿಯಾಗುತ್ತಾರೆ. ಮೂರನೇ ಒಂದರಷ್ಟು ಸದಸ್ಯರು ಬೇರ್ಪಟ್ಟರೆ ದೊರೆಯುತ್ತಿದ್ದ ರಕ್ಷಣೆಯನ್ನು 2003ರ 91ನೇ ತಿದ್ದುಪಡಿ ತೆಗೆದುಹಾಕಿತು. 1992ರ ಕಿಹೋಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಾನೂನನ್ನು ಎತ್ತಿಹಿಡಿಯಿತು. ಆದರೆ ಇಂಥ ನಿರ್ದೇಶನಗಳು ಸರ್ಕಾರದ ಅಳಿವು ಉಳಿವಿನ ಪ್ರಶ್ನೆಗೆ ಅಥವಾ ಪಕ್ಷದ ಮೂಲ ನೀತಿಗೆ ಸಂಬಂಧಿಸಿದ ವಿಷಯಗಳಿಗೆ ಸೀಮಿತವಾಗಿರಬೇಕೆಂದು ಅದೇ ತೀರ್ಪು ಅಭಿಪ್ರಾಯಪಟ್ಟಿತ್ತು. ಆಚರಣೆಯಲ್ಲಿ ಸಚೇತಕಾಜ್ಞೆಯ ವ್ಯಾಪ್ತಿ ಇದಕ್ಕಿಂತ ವಿಶಾಲವಾಗಿಯೇ ಉಳಿದಿದೆ. ಆದ್ದರಿಂದ ನಮ್ಮ ಶಾಸಕರ ಮತವು ಬಹುಮಟ್ಟಿಗೆ ಅವರ ಪಕ್ಷದ ಮತ.

ಒಂದು ವೃತ್ತಿಜೀವನದ ನಿದರ್ಶನ

ಈ ವ್ಯವಸ್ಥೆಯನ್ನು ಒಬ್ಬರ ಸುದೀರ್ಘ ಶಾಸಕ ಜೀವನದ ಮೂಲಕ ನೋಡಿದರೆ ವಿಷಯ ಸ್ಪಷ್ಟವಾದೀತು. ಶ್ರೀ ಬಿ.ಎಸ್. ಯಡಿಯೂರಪ್ಪ ಅವರ ನಿದರ್ಶನವನ್ನು ಇಲ್ಲಿ ಆಯ್ದುಕೊಳ್ಳಲಾಗಿದೆ. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ಇದರ ಉದ್ದೇಶವಲ್ಲ. ಅವರ ವೃತ್ತಿಜೀವನದ ತಿರುವುಗಳೆಲ್ಲ ಸದನದ ಮತಗಳೊಂದಿಗೆ ಹೆಣೆದುಕೊಂಡಿರುವುದೇ ಆಯ್ಕೆಗೆ ಕಾರಣ.

1943ರಲ್ಲಿ ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ ಜನಿಸಿದ ಅವರು ಶಿಕಾರಿಪುರದ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. 1975ರಲ್ಲಿ ಶಿಕಾರಿಪುರ ಪುರಸಭೆಯ ಅಧ್ಯಕ್ಷರಾದರು. 1983ರಲ್ಲಿ ಮೊದಲ ಬಾರಿಗೆ ವಿಧಾನಸಭೆಗೆ ಆಯ್ಕೆಯಾಗಿ, 1985, 1989, 1994ರಲ್ಲಿಯೂ ಗೆದ್ದರು. 1999ರಲ್ಲಿ ಸೋತು, ಬಳಿಕ ವಿಧಾನ ಪರಿಷತ್ತಿನ ಸದಸ್ಯರಾದರು. 2004, 2008, 2013 ಮತ್ತು 2018ರಲ್ಲಿ ಮತ್ತೆ ಶಿಕಾರಿಪುರದಿಂದ ಗೆದ್ದರು. 2013ರ ಗೆಲುವು ಕರ್ನಾಟಕ ಜನತಾ ಪಕ್ಷದ ಅಭ್ಯರ್ಥಿಯಾಗಿ. ಉಳಿದವು ಭಾರತೀಯ ಜನತಾ ಪಕ್ಷದಿಂದ. 2014ರಿಂದ 2018ರವರೆಗೆ ಲೋಕಸಭಾ ಸದಸ್ಯರಾಗಿದ್ದರು. 2023ರ ವಿಧಾನಸಭಾ ಚುನಾವಣೆಯಲ್ಲಿ ಸ್ಪರ್ಧಿಸಲಿಲ್ಲ. 2006ರಲ್ಲಿ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ವಹಿಸಿದರು. ನಾಲ್ಕು ಬಾರಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರೂ ಒಮ್ಮೆಯೂ ಅವಧಿ ಪೂರೈಸಲಿಲ್ಲ.

ಮೊದಲ ಬಾರಿ, 2007ರ ನವೆಂಬರ್ 12ರಂದು ಅಧಿಕಾರ ವಹಿಸಿಕೊಂಡವರು ಮಿತ್ರಪಕ್ಷದ ಬೆಂಬಲ ದೊರೆಯದೆ 19ರಂದು ರಾಜೀನಾಮೆ ನೀಡಿದರು. 2008ರಲ್ಲಿ ಎರಡನೆಯ ಬಾರಿ ಮುಖ್ಯಮಂತ್ರಿಯಾದರು. ನಮ್ಮ ವಿಷಯಕ್ಕೆ ಅತ್ಯಂತ ಪ್ರಸ್ತುತವಾದ ಘಟನೆ ನಡೆದದ್ದು ಆ ಅವಧಿಯಲ್ಲಿ, 2010ರ ಅಕ್ಟೋಬರ್‌ನಲ್ಲಿ. ಬೆಂಬಲ ಹಿಂತೆಗೆದುಕೊಂಡ ಆಡಳಿತ ಪಕ್ಷದ 11 ಹಾಗೂ ಪಕ್ಷೇತರ 5 ಶಾಸಕರನ್ನು ವಿಧಾನಸಭಾಧ್ಯಕ್ಷರು ಅನರ್ಹಗೊಳಿಸಿದರು. ಅಕ್ಟೋಬರ್ 11ರಂದು ಭಾರಿ ಗದ್ದಲದ ನಡುವೆ ವಿಶ್ವಾಸಮತವು ಧ್ವನಿಮತದಿಂದ ಅಂಗೀಕಾರವಾಯಿತೆಂದು ಘೋಷಿಸಲಾಯಿತು. ಆ ಗದ್ದಲದಲ್ಲಿ ಯಾರು ಏನೆಂದರು ಎಂಬುದಕ್ಕೆ ಲೆಕ್ಕವಿರಲಿಲ್ಲ. ರಾಜ್ಯಪಾಲರು ಇದನ್ನು ಒಪ್ಪದೆ, ಕೊನೆಗೆ ಎರಡನೆಯ ಬಾರಿ ಬಹುಮತ ಸಾಬೀತುಪಡಿಸಲು ಸೂಚಿಸಿದರು. ಅಕ್ಟೋಬರ್ 14ರಂದು ಎಣಿಕೆ ನಡೆದು, ಸರ್ಕಾರ 106–100 ಮತಗಳಿಂದ ಗೆದ್ದಿತು. ಎರಡೂ ದಿನಗಳಲ್ಲಿ ಫಲಿತಾಂಶ ಒಂದೇ. ಆದರೆ ಮೊದಲನೆಯದು ವಿವಾದವಾಗಿ ಉಳಿಯಿತು. ಎರಡನೆಯದು ಅಂಕಿಯಾಗಿ ಉಳಿಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಆ ಅನರ್ಹತೆಯ ಆದೇಶವನ್ನು 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು. ಮತ ನೀಡಲು ಯಾರಿಗೆ ಅವಕಾಶವಿತ್ತು ಎಂಬುದೂ ಮತದಾನದ ದಾಖಲೆಯ ಭಾಗವೇ ಎಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು. ಲೋಕಾಯುಕ್ತರ ಗಣಿಗಾರಿಕೆ ವರದಿಯ ಹಿನ್ನೆಲೆಯಲ್ಲಿ ಅವರು 2011ರ ಜುಲೈ 31ರಂದು ರಾಜೀನಾಮೆ ನೀಡಿದರು.

ಮೂರನೆಯ ಬಾರಿ, 2018ರ ಮೇ 19ರಂದು, ವಿಶ್ವಾಸಮತವನ್ನು ಮತಕ್ಕೆ ಹಾಕುವ ಮುನ್ನವೇ ರಾಜೀನಾಮೆ ಘೋಷಿಸಿದರು. ಹೀಗಾಗಿ ಅಂದಿನ ಮತದ ಲೆಕ್ಕವೇ ಇಲ್ಲ. 2019ರ ಜುಲೈ 23ರಂದು ಶ್ರೀ ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರವು 99–105 ಮತಗಳಿಂದ ಬಿದ್ದಾಗ ಎಣಿಕೆ ನಡೆಯಿತು. ಅಂದು ನಿರ್ಣಾಯಕವಾದದ್ದು ಗೈರುಹಾಜರಿ. ಬಳಿಕ ಒಟ್ಟು 17 ಶಾಸಕರು ಅನರ್ಹಗೊಂಡರು. ನವೆಂಬರ್ 13ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿದು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ನಿರ್ಬಂಧವನ್ನು ಮಾತ್ರ ತೆಗೆದುಹಾಕಿತು. ನಾಲ್ಕನೆಯ ಬಾರಿ ಮುಖ್ಯಮಂತ್ರಿಯಾದ ಶ್ರೀ ಯಡಿಯೂರಪ್ಪ ಅವರು 2019ರ ಜುಲೈ 29ರಂದು ಧ್ವನಿಮತದಿಂದಲೇ ವಿಶ್ವಾಸ ಗಳಿಸಿದರು. 2021ರ ಜುಲೈ 26ರಂದು ರಾಜೀನಾಮೆ ನೀಡಿದರು.

ಸರ್ಕಾರದ ಬಹುಮತವನ್ನು ಸದನದಲ್ಲಿಯೇ ಅಳೆಯಬೇಕೆಂಬ ತತ್ತ್ವವೂ ನಮ್ಮ ರಾಜ್ಯದ ಪ್ರಕರಣದಿಂದಲೇ ದೃಢಪಟ್ಟದ್ದು. 1989ರ ಏಪ್ರಿಲ್‌ನಲ್ಲಿ ಶಾಸಕರ ಪತ್ರಗಳನ್ನು ಆಧರಿಸಿ ಶ್ರೀ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಲಾಗಿತ್ತು. ಸದನದಲ್ಲಿ ಬಹುಮತ ತೋರಿಸಲು ಅವರಿಗೆ ಅವಕಾಶ ದೊರೆಯಲಿಲ್ಲ. ಪತ್ರ ಬರೆದವರಲ್ಲಿ ಕೆಲವರು ಅನಂತರ ತಮ್ಮ ನಿಲುವನ್ನೇ ಬದಲಿಸಿದ್ದರು. ಬಹುಮತದ ಪರೀಕ್ಷೆಗೆ ಸದನವೇ ತಕ್ಕ ಸ್ಥಳವೆಂದು 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯ ಸಾರಿತು.

ವಿಧೇಯಕಗಳ ಮಾತು

ಸರ್ಕಾರಗಳ ಅಳಿವು ಉಳಿವಿಗೆ ಎಣಿಕೆ ಬೇಕೆಂದು ಹೋರಾಡಿದಷ್ಟು ವಿಧೇಯಕಗಳಿಗೆ ಎಣಿಕೆ ಬೇಕೆಂದು ಯಾರೂ ಹೋರಾಡಿಲ್ಲ. ಉದ್ಯಮಿಗಳಿಗೆ ನೇರವಾಗಿ ತಟ್ಟುವುದು ಈ ಎರಡನೆಯದು. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 1974ರಿಂದ ಕೃಷಿಕರಲ್ಲದವರು ಹಾಗೂ ನಿಗದಿತ ಮಿತಿಗಿಂತ ಹೆಚ್ಚು ಕೃಷಿಯೇತರ ಆದಾಯವುಳ್ಳವರು ಕೃಷಿಭೂಮಿ ಕೊಳ್ಳುವುದನ್ನು ನಿರ್ಬಂಧಿಸಿದ್ದವು. ಅರ್ಧ ಶತಮಾನದಷ್ಟು ಹಳೆಯದಾದ ಈ ನಿರ್ಬಂಧವು 2020ರಲ್ಲಿ ಮೊದಲು ಸುಗ್ರೀವಾಜ್ಞೆಯ ಮೂಲಕ ತೆರವಾಯಿತು. ಸೆಪ್ಟೆಂಬರ್‌ನಲ್ಲಿ ವಿಧಾನಸಭೆ ವಿಧೇಯಕವನ್ನು ಅಂಗೀಕರಿಸಿತು. ಆಡಳಿತ ಪಕ್ಷಕ್ಕೆ ಬಹುಮತವಿಲ್ಲದಿದ್ದ ಪರಿಷತ್ತಿನಲ್ಲಿ ಆಗ ಅದು ಅಂಗೀಕಾರವಾಗಲಿಲ್ಲ. ಡಿಸೆಂಬರ್‌ನಲ್ಲಿ ಜಾತ್ಯತೀತ ಜನತಾದಳದ ಬೆಂಬಲದಿಂದ ಆಯಿತು. ರೈತ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದ, ಕೈಗಾರಿಕಾ ವಲಯ ಬಹುಕಾಲದಿಂದ ಬಯಸುತ್ತಿದ್ದ ತಿದ್ದುಪಡಿ ಇದು. ಪರ ವಿರೋಧ ಯಾವ ಕಡೆಯವರಿಗೇ ಆಗಲಿ, ತಮ್ಮ ಕ್ಷೇತ್ರದ ಪ್ರತಿನಿಧಿ ಎಲ್ಲಿ ನಿಂತರು ಎಂದು ತಿಳಿಯುವ ಹಕ್ಕು ಸಮಾನ.

ಪರಿಷತ್ತಿನ ಪಾತ್ರವನ್ನೂ ಇಲ್ಲಿ ಗಮನಿಸಬೇಕು. 75 ಸದಸ್ಯರ ಈ ಸದನವು ಸಾಮಾನ್ಯ ವಿಧೇಯಕವನ್ನು ಮೊದಲ ಬಾರಿ ಮೂರು ತಿಂಗಳು, ಎರಡನೆಯ ಬಾರಿ ಒಂದು ತಿಂಗಳು ತಡೆಯಬಹುದು. ಧನ ವಿಧೇಯಕವನ್ನು ಹದಿನಾಲ್ಕು ದಿನ ಮಾತ್ರ. 2024ರ ಫೆಬ್ರುವರಿಯಲ್ಲಿ ಧಾರ್ಮಿಕ ದತ್ತಿ ತಿದ್ದುಪಡಿ ವಿಧೇಯಕವು ಪರಿಷತ್ತಿನಲ್ಲಿ ಧ್ವನಿಮತದಿಂದಲೇ ತಿರಸ್ಕೃತವಾಗಿ, ಕೆಲವೇ ದಿನಗಳಲ್ಲಿ ಪುನಃ ಮಂಡನೆಯಾಗಿ ಅಂಗೀಕಾರ ಪಡೆಯಿತು. ಅಂದು ಸದನದಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂಬುದರ ಮೇಲೆ ವಿಧೇಯಕದ ಭವಿಷ್ಯ ನಿಂತಿರಬಹುದೆಂಬುದಕ್ಕೆ ಇದೊಂದು ನಿದರ್ಶನ.

2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ರಾಜ್ಯ ಶಾಸಕಾಂಗದ ತೆರಿಗೆ ಅಧಿಕಾರ ಕುಗ್ಗಿದೆ ಎಂಬ ಭಾವನೆ ವ್ಯಾಪಕವಾಗಿದೆ. ಅದು ಭಾಗಶಃ ನಿಜ. ಆದರೂ ಮುದ್ರಾಂಕ ಶುಲ್ಕ, ಮೋಟಾರು ವಾಹನ ತೆರಿಗೆ, ಅಬಕಾರಿ, ವೃತ್ತಿ ತೆರಿಗೆ, ವಿದ್ಯುತ್ ತೆರಿಗೆ, ಪೆಟ್ರೋಲ್ ಮತ್ತು ಡೀಸೆಲ್ ಮೇಲಿನ ಮಾರಾಟ ತೆರಿಗೆ, ಎ.ಪಿ.ಎಂ.ಸಿ. ಮಾರುಕಟ್ಟೆ ಶುಲ್ಕ, ಸ್ಥಳೀಯ ಸಂಸ್ಥೆಗಳ ತೆರಿಗೆಗಳ ಚೌಕಟ್ಟು ಇವೆಲ್ಲ ಇಂದಿಗೂ ರಾಜ್ಯದ ಕೈಯಲ್ಲಿವೆ.

ದೊರೆಯುವ ದಾಖಲೆಯನ್ನು ಓದುವ ಬಗೆ

ಮತದ ದಾಖಲೆ ವಿರಳವೆಂದು ಕೈಚೆಲ್ಲಬೇಕಾಗಿಲ್ಲ. ಶಾಸಕರ ಕಾರ್ಯವನ್ನು ಅಳೆಯಲು ಬೇರೆ ಲಿಖಿತ ಆಧಾರಗಳಿವೆ.

ಮೊದಲನೆಯದಾಗಿ, ಸದನದ ಕಾರ್ಯಕಲಾಪಗಳ ವರದಿ. ವಿಧೇಯಕದ ಚರ್ಚೆಯಲ್ಲಿ ಸದಸ್ಯರು ಆಡಿದ ಮಾತು ಹೆಸರಿನೊಂದಿಗೆ ದಾಖಲಾಗುತ್ತದೆ. ಮತ ಪಕ್ಷದ್ದಾದರೂ ಮಾತು ಬಹುಮಟ್ಟಿಗೆ ಅವರದೇ. ಎರಡನೆಯದಾಗಿ, ಪ್ರಶ್ನೆಗಳು ಮತ್ತು ಗಮನ ಸೆಳೆಯುವ ಸೂಚನೆಗಳು. ಕೈಗಾರಿಕಾ ವಸಾಹತಿನ ರಸ್ತೆ, ವಿದ್ಯುತ್ ಸಂಪರ್ಕಗಳ ಬಗ್ಗೆ ಶಾಸಕರು ಎಷ್ಟು ಬಾರಿ ಕೇಳಿದ್ದಾರೆ ಎಂಬುದನ್ನು ಇಲ್ಲಿ ಕಾಣಬಹುದು. ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ. ಆದ್ದರಿಂದ ಸಂಖ್ಯೆಯನ್ನು ಮಾತ್ರ ನೋಡಿ ಹೋಲಿಸುವುದು ಸಲ್ಲದು. ಮೂರನೆಯದಾಗಿ, ಸಮಿತಿಗಳ ವರದಿ. ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಹೆಸರು ಎಲ್ಲರಿಗೂ ಗೊತ್ತು. ಉದ್ಯಮಿಗಳಿಗೆ ಅದಕ್ಕಿಂತ ಹತ್ತಿರವಾದದ್ದು ಅಧೀನ ಶಾಸನ ರಚನಾ ಸಮಿತಿ. ಕಾಯ್ದೆಯಡಿ ಇಲಾಖೆಗಳು ಹೊರಡಿಸುವ ನಿಯಮಗಳನ್ನು ಅದು ಪರಿಶೀಲಿಸುತ್ತದೆ. ನಾಲ್ಕನೆಯದಾಗಿ, ಚುನಾವಣಾ ಪ್ರಮಾಣಪತ್ರ. 2002 ಮತ್ತು 2003ರ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳ ಫಲವಾಗಿ ಅಭ್ಯರ್ಥಿಗಳು ಆಸ್ತಿ, ಸಾಲ, ಮೊಕದ್ದಮೆಗಳ ವಿವರವನ್ನು ಘೋಷಿಸಬೇಕಾಗಿದೆ.

ಮತಕ್ಕಾಗಿ ಲಂಚ ಪಡೆದ ಶಾಸಕರಿಗೆ ಸದನದ ವಿಶೇಷಾಧಿಕಾರದ ರಕ್ಷಣೆ ಇಲ್ಲವೆಂದು 2024ರ ಮಾರ್ಚ್ 4ರಂದು ಸೀತಾ ಸೊರೇನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿ, 1998ರ ತನ್ನ ನಿಲುವನ್ನು ಬದಲಿಸಿತು. ಮತಕ್ಕೆ ಬೆಲೆ ಕಟ್ಟುವುದು ಅಪರಾಧವಾದರೆ, ಮತವನ್ನು ಬರೆದಿಡುವುದು ಕರ್ತವ್ಯವಾಗಬೇಡವೇ?

ನಾವು ಮಾಡಬಹುದಾದದ್ದು

ಪ್ರತಿವರ್ಷ ಆಯವ್ಯಯದ ಮುನ್ನ ವಾಣಿಜ್ಯ ಸಂಸ್ಥೆಗಳು ಸರ್ಕಾರಕ್ಕೆ ಮನವಿ ಸಲ್ಲಿಸುವುದು ರೂಢಿ. ಆ ಮನವಿಗಳು ಮುಖ್ಯಮಂತ್ರಿಗಳಿಗೂ ಹಣಕಾಸು ಇಲಾಖೆಗೂ ತಲುಪುತ್ತವೆ; ಕೊನೆಗೆ ಕೈ ಎತ್ತಬೇಕಾದ 224 ಶಾಸಕರಿಗೆ ತಲುಪುವುದು ಕಡಮೆ. ಸದಸ್ಯರು ತಮ್ಮ ಕ್ಷೇತ್ರದ ಶಾಸಕರನ್ನು ಭೇಟಿಯಾಗುವಾಗ ಸನ್ಮಾನದ ಹಾರದೊಂದಿಗೆ, ಕಳೆದ ಅಧಿವೇಶನದಲ್ಲಿ ಅವರು ಆಡಿದ ಮಾತಿನ ಪ್ರತಿಯನ್ನೂ ಒಯ್ಯುವುದು ಒಳಿತು. ತೆರಿಗೆ, ಭೂಮಿ ಹಾಗೂ ಮಾರುಕಟ್ಟೆಗೆ ಸಂಬಂಧಿಸಿದ ವಿಧೇಯಕಗಳ ಅಂತಿಮ ಅಂಗೀಕಾರವಾದರೂ ಹೆಸರು ದಾಖಲಾಗುವ ಮತವಿಭಜನೆಯಿಂದ ಆಗಲಿ ಎಂದು ಎಲ್ಲ ಪಕ್ಷಗಳನ್ನೂ ಕೋರುವುದು ಇನ್ನೂ ಒಳಿತು. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ. ತನ್ನ ಕಾರ್ಯವಿಧಾನದ ನಿಯಮಗಳನ್ನು ರೂಪಿಸಿಕೊಳ್ಳುವ ಅಧಿಕಾರವನ್ನು 208ನೇ ಅನುಚ್ಛೇದವು ಸದನಕ್ಕೇ ನೀಡಿದೆ.

ನಮ್ಮ ಅಂಗಡಿಯ ಪ್ರತಿಯೊಂದು ರಸೀದಿಯನ್ನೂ ವರ್ಷಗಟ್ಟಲೆ ಕಾದಿರಿಸಬೇಕೆಂದು ಶಾಸಕಾಂಗ ಕಾಯ್ದೆ ಮಾಡಿದೆ. ಅದನ್ನು ನಾವು ಪಾಲಿಸುತ್ತಿದ್ದೇವೆ. ಆ ಕಾಯ್ದೆಗೆ ಮತ ನೀಡಿದವರ ಲೆಕ್ಕವೂ ಹಾಗೆಯೇ ಉಳಿಯಲಿ ಎಂದು ಕೇಳುವುದು ಅತಿಯಾದ ಬೇಡಿಕೆಯೇನೂ ಅಲ್ಲ.