ನೀರಿನ ಗಂಟೆ

ರಾತ್ರಿಯ ವಾರ್ತೆಗಳ ಕೊನೆಯಲ್ಲಿ ಹವಾಮಾನದ ವರದಿ ಬರುವುದಷ್ಟೆ? ಚೈತ್ರ ಮಾಸದ ಒಂದು ದಿನ ಗರಿಷ್ಠ ಉಷ್ಣತೆ 41 ಡಿಗ್ರಿ ಎಂದು ವಾಚಕರು ಓದುತ್ತಾರೆ. ನೀವು "ಅಬ್ಬಾ, ಏನು ಸೆಕೆ!" ಎಂದು ಫ್ಯಾನನ್ನು ಇನ್ನಷ್ಟು ಜೋರು ಮಾಡಿ ಊಟಕ್ಕೆ ಏಳುತ್ತೀರಿ. ಆ 41 ಡಿಗ್ರಿ ಯಾವ ಸ್ಥಳದ್ದು ಎಂದು ಎಂದಾದರೂ ಯೋಚಿಸಿದ್ದುಂಟೆ? ಅದು ನೆರಳಿನ ಉಷ್ಣತೆ, ಬಿಸಿಲಿನದಲ್ಲ.

ಹವಾಮಾನ ಕೇಂದ್ರದ ಅಂಗಳದಲ್ಲಿ ಕಾಲುಗಳ ಮೇಲೆ ನಿಲ್ಲಿಸಿದ ಒಂದು ಬಿಳಿಯ ಮರದ ಪೆಟ್ಟಿಗೆ ಇರುತ್ತದೆ. ಅದರ ಗೋಡೆಗಳು ಓರೆಪಟ್ಟಿಗಳ ಕಿಟಕಿಯಂತೆ. ಗಾಳಿ ಒಳಗೆ ಆಡುತ್ತದೆ, ಬಿಸಿಲು ಮಾತ್ರ ನೇರವಾಗಿ ತಾಗದು. ಉಷ್ಣಮಾಪಕ ಇರುವುದು ಅದರೊಳಗೆ. ಇದನ್ನು ರೂಪಿಸಿದವನು ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್‌ಸನ್ ಎಂಬ ದೀಪಸ್ತಂಭಗಳ ಎಂಜಿನಿಯರು. 'ಟ್ರೆಷರ್ ಐಲೆಂಡ್' ಬರೆದ ಕಾದಂಬರಿಕಾರನ ತಂದೆ. ಆ ಉಷ್ಣಮಾಪಕವನ್ನು ನೆಲದಿಂದ ಸುಮಾರು ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ ಇಡುತ್ತಾರೆ. ಒಂದನೆಯ ತರಗತಿಯ ಮಗುವಿನ ತಲೆ ಸಾಮಾನ್ಯವಾಗಿ ಅಷ್ಟು ಎತ್ತರಕ್ಕೂ ಬಾರದು. ಕಾದ ನೆಲಕ್ಕೆ ಹತ್ತಿರವಾದಷ್ಟೂ ಗಾಳಿ ಹೆಚ್ಚು ಬಿಸಿ. ಆದುದರಿಂದ ರೇಡಿಯೋದಲ್ಲಿ 41 ಎಂದು ಕೇಳಿದ ದಿನ ಆಟದ ಬಯಲಿನಲ್ಲಿ ನಿಂತ ಮಗು ಪಡುವ ತಾಪ ಅದಕ್ಕಿಂತ ಬಹಳ ಹೆಚ್ಚಿನದೆಂದು ತಿಳಿಯಬೇಕು.

ಇನ್ನು ದೇಹದ ವಿಚಾರ. ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ ದೇಹಕ್ಕೆ ಉಳಿಯುವ ಮುಖ್ಯ ಉಪಾಯ ಒಂದೇ, ಬೆವರು. ಮನೆಯಲ್ಲಿರುವ ಮಣ್ಣಿನ ಗಡಿಗೆಯನ್ನು ನೋಡಿರಿ. ಅದರ ಮೈಯಿಂದ ನೀರು ಸೂಕ್ಷ್ಮವಾಗಿ ಜಿನುಗಿ ಆರುತ್ತದೆ. ಆರುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಒಳಗಿನ ನೀರು ತಂಪಾಗುತ್ತದೆ. ನಮ್ಮ ದೇಹವೂ ಇಂಥದೇ ಒಂದು ಗಡಿಗೆ. ಆದರೆ ಬರಿದಾದ ಗಡಿಗೆ ಜಿನುಗುವುದಿಲ್ಲ. ಒಳಗೆ ನೀರಿಲ್ಲದ ದೇಹ ತನ್ನನ್ನು ತಾನು ತಂಪು ಮಾಡಿಕೊಳ್ಳಲಾರದು.

ದೊಡ್ಡವರಿಗಿಂತ ಮಕ್ಕಳ ಪಾಡು ಕಷ್ಟತರವಾದುದು. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ಹೆಚ್ಚು, ಬೇಗ ಕಾಯುತ್ತಾರೆ. ಅವರು ಬೆವರುವುದು ನಮಗಿಂತ ಕಡಮೆ. ಎಲ್ಲಕ್ಕೂ ಮಿಗಿಲಾಗಿ, ಆಟದಲ್ಲಿ ಮುಳುಗಿದ ಮಗುವಿಗೆ ನೀರಡಿಕೆಯ ಅರಿವೇ ಇರದು. ಅರಿವಾದರೂ ಶಾಲೆಯಲ್ಲಿ ಕೇಳಲು ಅಂಜಿಕೆ. ಶಾಲೆಗಳು ಮಾಡುವ ಎಲ್ಲ ಏರ್ಪಾಡುಗಳನ್ನೂ ಈ ಕೊನೆಯ ಮಾತಿನ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಕೇಳದ ಮಗುವಿಗೂ ದೊರೆಯುವಂತಿದ್ದರೆ ಮಾತ್ರ ಅದು ರಕ್ಷಣೆ.

ಮೊದಲನೆಯ ಏರ್ಪಾಡು ವೇಳೆಯದು. ಕಲಬುರಗಿ, ರಾಯಚೂರು, ಯಾದಗಿರಿಗಳ ಕಡೆ ಬಿಸಿಲಿನ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಗಿನ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿ ಉಂಟು. ಮುಂಜಾನೆಯ ಶಾಲೆಯೂ ಆ ಸೀಮೆಗೆ ಹೊಸದಲ್ಲ. ಏಪ್ರಿಲಿನ ಎರಡನೆಯ ವಾರದ ಹೊತ್ತಿಗೆ ಬೇಸಿಗೆಯ ರಜೆ ಬರುತ್ತದೆ, ನಿಜ. ಆದರೆ ಬಿಸಿಲು ಪಂಚಾಂಗ ನೋಡಿಕೊಂಡು ಬರುವುದಿಲ್ಲ. ಮಾರ್ಚಿಯಲ್ಲಿಯೇ ಬಂದು ಕೂರುತ್ತದೆ. ದೇಹವು ಸೆಕೆಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಆದುದರಿಂದ ಬೇಸಿಗೆಯ ಮೊದಲ ದಿನಗಳೇ ಹೆಚ್ಚು ಜೋಕೆಯ ದಿನಗಳು.

ಮುಂಜಾನೆಯ ಶಾಲೆಯಲ್ಲಿ ಒಂದು ಕೊರತೆಯೂ ಇದೆ. ಹನ್ನೆರಡೂವರೆಗೆ ಶಾಲೆ ಬಿಟ್ಟರೆ ಸೂರ್ಯ ನೆತ್ತಿಯ ಮೇಲಿರುವಾಗಲೇ ಮಗು ಮನೆಯ ದಾರಿ ಹಿಡಿಯುತ್ತದೆ. ಗಾಳಿಯ ಬಿಸಿ ಏರುತ್ತ ಹೋಗಿ ಎರಡು ಮೂರು ಗಂಟೆಯ ಹೊತ್ತಿಗೆ ಶಿಖರ ಮುಟ್ಟುತ್ತದೆ. ಕಾದ ನೆಲ ಗಾಳಿಯನ್ನು ಕಾಯಿಸಲು ಅಷ್ಟು ಹೊತ್ತು ಬೇಕು. ಆದುದರಿಂದ ವೇಳೆಯನ್ನು ಹಿಂದಕ್ಕೆ ತಂದರಷ್ಟೇ ಸಾಲದು. ಬಿಡುವ ಮೊದಲು ಪ್ರತಿ ಮಗುವೂ ನೀರು ಕುಡಿದು, ಸೀಸೆ ತುಂಬಿಕೊಂಡು, ತಲೆಗೊಂದು ಬಟ್ಟೆ ಸುತ್ತಿಕೊಂಡು ಹೊರಡುವಂತೆ ನೋಡಬೇಕು.

ಎರಡನೆಯದು ನೀರಿನ ಗಂಟೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಹಬ್ಬಿದ ಈ ಪದ್ಧತಿಯನ್ನು ಅದೇ ವರ್ಷ ನಮ್ಮ ರಾಜ್ಯದ ಶಾಲೆಗಳಿಗೂ ತರಲಾಯಿತು. ದಿನದಲ್ಲಿ ಎರಡು ಮೂರು ಸಲ ಗಂಟೆ ಬಾರಿಸುತ್ತದೆ. ಪಾಠ ಎಲ್ಲಿದ್ದರೂ ನಿಲ್ಲುತ್ತದೆ. ಮಕ್ಕಳೆಲ್ಲರೂ ನೀರು ಕುಡಿಯುತ್ತಾರೆ. ಎಷ್ಟು ಸಣ್ಣ ಉಪಾಯ! ಆದರೆ ಅದರ ಗುಣವನ್ನು ಗಮನಿಸಿರಿ. ಮಗು ಕೈ ಎತ್ತಬೇಕಾಗಿಲ್ಲ, ಮೇಷ್ಟರ ಮುಖ ನೋಡಬೇಕಾಗಿಲ್ಲ. ಅಪ್ಪಣೆ ತಾನಾಗಿ ಬರುತ್ತದೆ.

ಈ ಗುಣ ನನಗೆ ತಿಳಿದುದು ನನ್ನದೇ ತಪ್ಪಿನಿಂದ. ಹಲವು ವರ್ಷಗಳ ಕೆಳಗಿನ ಮಾತು. ನಾನಾಗ ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಮಾರ್ಚಿ ತಿಂಗಳ ಒಂದು ಸಮಾರಂಭ. ಅತಿಥಿಗಳು ಬರುವುದು ತಡವಾಯಿತು. ನಾವು ಶಾಮಿಯಾನದ ನೆರಳಿನಲ್ಲಿ. ಮಕ್ಕಳು ಎದುರಿನ ಬಯಲಿನಲ್ಲಿ ಸಾಲಾಗಿ. ಶಿಸ್ತು ಕೆಡಬಾರದೆಂದು ಯಾರೂ ಏಳಬಾರದೆಂದು ಹೇಳಿದವನು ನಾನೇ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕುಳಿತಲ್ಲಿಯೇ ಒರಗಿಬಿಟ್ಟಳು. ನೆರಳಿಗೆ ಒಯ್ದು ನೀರು ಚಿಮುಕಿಸಿ ಗಾಳಿ ಹಾಕಿದ ಮೇಲೆ ಕಣ್ಣು ತೆರೆದಳು. ಬೆಳಗಿನಿಂದ ನೀರೇಕೆ ಕುಡಿಯಲಿಲ್ಲವೆಂದು ನಮ್ಮ ಶಿಕ್ಷಕಿಯೊಬ್ಬರು ಕೇಳಿದರು. ಅವಳು ಮೆಲ್ಲಗೆ, "ನೀರು ಕುಡದ್ರ ಹೊರಗ ಹೋಗಬೇಕಾಗ್ತದ್ರಿ ಟೀಚರ್" ಎಂದಳು. ಆ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಅಗಳಿಯೂ ಇರಲಿಲ್ಲ, ನೀರೂ ಇರಲಿಲ್ಲ. ವ್ಯಾಕರಣದ ಸೂತ್ರಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ನನಗೆ ಅಷ್ಟು ವರ್ಷ ಆ ಬಾಗಿಲು ಕಣ್ಣಿಗೆ ಬಿದ್ದಿರಲಿಲ್ಲ.

ಅಂದಿನಿಂದ ನಾನು ಹೇಳುತ್ತ ಬಂದಿರುವುದು ಇಷ್ಟೆ: ನೀರಿನ ಗಂಟೆಯ ಹಿಂದೆ ನಾಲ್ಕು ವಸ್ತುಗಳಿರಬೇಕು. ಕುಡಿಯಲು ಯೋಗ್ಯವಾದ ನೀರು, ಅದನ್ನು ಕುಡಿಯಲು ಬೇಕಾಗುವಷ್ಟು ಹೊತ್ತು, ಅಗಳಿಯುಳ್ಳ ಶೌಚಾಲಯ, ಅಲ್ಲಿಗೆ ಹೋಗಲು ಕೇಳಬೇಕಾಗಿಲ್ಲದ ಅನುಮತಿ. ಇವುಗಳಲ್ಲಿ ಒಂದು ತಪ್ಪಿದರೂ ಗಂಟೆ ಬರಿಯ ಸದ್ದು.

ಮೂರನೆಯದು ನೆರಳು. ಹವಾಮಾನ ಇಲಾಖೆಯವರು ಬಯಲು ನಾಡಿನಲ್ಲಿ ಉಷ್ಣತೆ 40 ಡಿಗ್ರಿಯನ್ನು ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿದಾಗ ಬಿಸಿಗಾಳಿಯೆಂದು ಗಣಿಸುತ್ತಾರೆ. ಶಾಲೆ ಆ ಮಾತಿಗಾಗಿ ಕಾಯಬಾರದು. ಪ್ರಾರ್ಥನೆಯನ್ನು ಪಡಸಾಲೆಯಲ್ಲಿ ಮುಗಿಸಬಹುದು; ಆಟದ ಅವಧಿಯನ್ನು ಬೆಳಗಿನ ಮೊದಲ ಗಂಟೆಗೆ ತರಬಹುದು. ಕಾಂಕ್ರೀಟಿನ ತಾರಸಿ ಹಗಲೆಲ್ಲ ಶಾಖವನ್ನು ಹೀರಿ ಕೆಳಗೆ ಕುಳಿತವರ ಮೇಲೆ ಸೂಸುತ್ತದೆ; ತಗಡಿನ ಮಾಡಂತೂ ಕಾದ ಹೆಂಚೇ ಸರಿ. ಅದಕ್ಕೆ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಹಿಂದಕ್ಕೆ ಹೋಗುತ್ತದೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಬಹಳ ಜನರನ್ನು ಕಳೆದುಕೊಂಡ ಅಹಮದಾಬಾದ್ ನಗರ 2013ರಲ್ಲಿ ಬಿಸಿಲಿಗೆಂದೇ ಒಂದು ಕಾರ್ಯಯೋಜನೆ ಮಾಡಿಕೊಂಡಿತು. ಮುಂದೆ ಬಡವರ ಮನೆಗಳ ಮಾಡಿಗೆ ಬಿಳಿ ಬಣ್ಣ ಬಳಿಯುವ ಕೆಲಸವೂ ಅದರೊಡನೆ ಸೇರಿತು. ಬೇವು, ಹೊಂಗೆಗಳ ನೆರಳು ಇದೆಲ್ಲಕ್ಕಿಂತ ಹಳೆಯದು, ಅಗ್ಗವಾದುದು. ಹತ್ತು ವರ್ಷ ಮೊದಲೇ ನೆಟ್ಟಿರಬೇಕು, ಅಷ್ಟೆ.

ತಲೆಗೆ ಹೊದಿಕೆಯೂ ನೆರಳೇ. ಆಸ್ಟ್ರೇಲಿಯದ ಎಷ್ಟೋ ಶಾಲೆಗಳಲ್ಲಿ ಟೊಪ್ಪಿಗೆ ಇಲ್ಲದ ಮಗುವನ್ನು ಬಯಲಿನಲ್ಲಿ ಆಡಲು ಬಿಡುವುದಿಲ್ಲ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರು ಅಲ್ಲಿ ದೊಡ್ಡ ಭಯ. ನಮ್ಮ ಭಯ ಬೇರೆ, ಉಪಾಯ ಒಂದೇ. ಸಮವಸ್ತ್ರದಲ್ಲಿ ಟೈಗೆ ಜಾಗ ಮಾಡಿಕೊಟ್ಟವರು ಹತ್ತಿಯ ಟೊಪ್ಪಿಗೆಗೂ ಜಾಗ ಮಾಡಿಕೊಡಲಾರರೇ?

ಇಷ್ಟಾದರೂ ಮಗು ಬಳಲಿದರೆ? ತಲೆನೋವು, ತಲೆಸುತ್ತು, ವಾಕರಿಕೆ, ಅತಿಯಾದ ಬೆವರು, ಇವು ಮೊದಲ ಸೂಚನೆಗಳು. ಕೂಡಲೇ ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಗೆ ಒದ್ದೆ ಬಟ್ಟೆ ಹಾಕಿ, ಗಾಳಿ ಬೀಸಿ, ನೀರನ್ನು ಗುಟುಕು ಗುಟುಕಾಗಿ ಕೊಡಿರಿ. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ ತುಂಬಿದ ಆರು ಟೀ ಚಮಚೆ ಸಕ್ಕರೆ, ಅರ್ಧ ಟೀ ಚಮಚೆ ಉಪ್ಪು ಬೆರೆಸಿ ಕೊಟ್ಟರೆ ಇನ್ನೂ ಒಳಿತು. ಮಗು ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಪ್ರಜ್ಞೆ ತಪ್ಪಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬರಿಯ ಬಳಲಿಕೆಯಲ್ಲ. ಒಳಗಿನ ಉಷ್ಣತೆ 40 ಡಿಗ್ರಿಯನ್ನು ದಾಟಿರಬಹುದು. 108ಕ್ಕೆ ಕರೆ ಮಾಡಿರಿ. ವಾಹನ ಬರುವವರೆಗೆ ಮೈಯನ್ನೆಲ್ಲ ನೀರಿನಿಂದ ತೋಯಿಸಿ ಗಾಳಿ ಹಾಕುತ್ತಲೇ ಇರಿ. ಪ್ರಜ್ಞೆಯಿಲ್ಲದ ಮಗುವಿನ ಬಾಯಿಗೆ ನೀರು ಹಾಕಲೇಬಾರದು.

ಮನೆಯವರು ಮಾಡಬೇಕಾದುದೂ ಉಂಟು. ಬೆಳಗ್ಗೆ ಹೊರಡುವ ಮುನ್ನ ಮಗುವಿಗೆ ಒಂದು ಲೋಟ ಮಜ್ಜಿಗೆ ಅಥವಾ ಅಂಬಲಿ ಕೊಡಿರಿ. ಸಂಜೆ ಅದರ ನೀರಿನ ಸೀಸೆಯನ್ನು ಎತ್ತಿ ನೋಡಿರಿ. ಕೊಟ್ಟಂತೆಯೇ ತುಂಬಿಕೊಂಡು ಬಂದಿದ್ದರೆ ಗದರಿಸಬೇಡಿರಿ; ಏಕೆಂದು ಕೇಳಿರಿ. ಉತ್ತರ ಏನು ಬಂದರೂ ಅದನ್ನು ಮುಖ್ಯೋಪಾಧ್ಯಾಯರಿಗೆ ಮುಟ್ಟಿಸಿರಿ.

ದಾರಿಹೋಕರಿಗೆ ನೀರು ಕೊಡುವ ಜಾಗಕ್ಕೆ ನಮ್ಮವರು ಇಟ್ಟ ಹೆಸರು ಅರವಟ್ಟಿಗೆ. 'ಅಱ' ಎಂದರೆ ಹಳಗನ್ನಡದಲ್ಲಿ ಧರ್ಮ. ಅರವಟ್ಟಿಗೆಯ ಬಳಿ ಬಂದವನನ್ನು ನೀನು ಯಾರು, ಈಗ ತಾನೇ ಕುಡಿಯಲಿಲ್ಲವೇ ಎಂದು ಯಾರೂ ಕೇಳುವುದಿಲ್ಲ. ಬಿಸಿಲುಗಾಲದ ಶಾಲೆಯೂ ಹಾಗಿರಲಿ. ಇಂದು ರಾತ್ರಿ ರೇಡಿಯೋದಲ್ಲಿ ಆ ಅಂಕಿಯನ್ನು ಕೇಳಿದಾಗ ಏಳುವ ಮೊದಲು ಪಕ್ಕದಲ್ಲಿರುವ ಮಗುವನ್ನು ಒಂದು ಮಾತು ಕೇಳಿರಿ: "ಇವತ್ತು ಶಾಲೆಯಲ್ಲಿ ಎಷ್ಟು ಸಲ ನೀರು ಕುಡಿದೆ?"